ನಾಲ್ಕು ಗಾಲಿ, ನಾಲ್ಕು ಕರೆ

ಹೊಸಬರ ಮುಂದೆ ನನಗೆ ಬಾಯಿ ಬರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮಕ್ಕಳೇ. ಇದು ವಯಸ್ಸಾದ ಮೇಲೆ ಬಂದದ್ದಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮೇಷ್ಟ್ರು ಹಾಜರಿ ಕೂಗಿದರೆ ಉಳಿದವರೆಲ್ಲ ‘ಹಾಜರ್ ಸಾರ್’ ಎನ್ನುತ್ತಿದ್ದರು, ನಾನು ಹಿಂದಿನ ಸಾಲಿನಲ್ಲಿ ಕೈ ಮಾತ್ರ ಎತ್ತುತ್ತಿದ್ದೆ. ಮುಂದೆ ಕೂತ ಎತ್ತರದ ಹುಡುಗಿಯಿಂದಾಗಿ ಆ ಕೈ ಅವರಿಗೆ ಕಾಣುತ್ತಿರಲಿಲ್ಲ. ಹೀಗಾಗಿ ದಿನವೂ ಶಾಲೆಗೆ ಹೋದರೂ ಹಾಜರಿ ಪುಸ್ತಕದಲ್ಲಿ ಅರ್ಧ ವರ್ಷ ನಾನು ಇರಲೇ ಇಲ್ಲ. ಜನಗಣತಿಯವರು ಬಂದು ‘ಮನ್ಯಾಗ ಎಷ್ಟು ಮಂದಿ ಅದೀರಮ್ಮ?’ ಎಂದಾಗ ಬಾಗಿಲ ಹಿಂದೆ ನಿಂತು ಬೆರಳು ತೋರಿಸಿದವಳು ನಾನು. ಬಾಗಿಲ ಹಿಂದಿನ ಬೆರಳು ಯಾರಿಗೆ ಕಾಣುತ್ತದೆ? ಬಸ್ಸಿನಲ್ಲಿ ‘ನಿಲ್ಸ್ರಿ’ ಎನ್ನಲು ನಾಚಿಕೊಂಡು ಮುಂದಿನ ಊರಿಗೆ ಹೋಗಿ ಇಳಿದು, ಅಷ್ಟು ದೂರ ಹಿಂದಕ್ಕೆ ನಡೆದು ಬಂದದ್ದೂ ಉಂಟು. ‘ಬಾಯಿಲೆ ಹೇಳಾಕ ಆಗದಿದ್ರ ಬರದರ ಇಡಜ್ಜಿ’ ಎಂದು ನೀವೇ ಈ ನೋಟುಬುಕ್ಕು ತಂದುಕೊಟ್ಟಿದ್ದೀರಿ. ನೀವು ರಾಜ ರಾಣಿಯ ಕಥೆ ಬರುತ್ತದೆ ಎಂದುಕೊಂಡಿರಬೇಕು. ನನಗೆ ಚೆನ್ನಾಗಿ ಗೊತ್ತಿರುವುದು ನಮ್ಮ ಜೀಪಿನ ಕಥೆ ಒಂದೇ.

ಅದಕ್ಕೂ ಮೊದಲು ಇನ್ನೊಂದು ಮಾತು. ನಾನು ನಿಮ್ಮ ಅಜ್ಜನ ಹೆಸರು ಹೇಳುವುದಿಲ್ಲ. ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಅವರ ಹೆಸರಿನ ಮೊದಲ ಎರಡು ಅಕ್ಷರವೇ ಹಡಗಲಿಯ ಆ ಬಿಳಿ ಹೂವಿನ ಹೆಸರಿನಲ್ಲೂ ಇರುವುದರಿಂದ, ನಾನು ಮದುವೆಯಾದ ದಿನದಿಂದ ಆ ಹೂವನ್ನೂ ‘ಬಿಳೇ ಹೂವು’ ಎಂದೇ ಕರೆಯುತ್ತಾ ಬಂದಿದ್ದೇನೆ. ಸಂತೆಯಲ್ಲಿ ಬಿಳೇ ಹೂವು ಕೇಳಿ ಸೇವಂತಿಗೆ ಕಟ್ಟಿಸಿಕೊಂಡು ಬಂದದ್ದು ಎಷ್ಟೋ ಸಲ. ಹೆಸರು ಹೇಳಲು ಹೆಂಗಸರಿಗೆ ಒಂದು ದಾರಿ ಉಂಟು, ಒಡಪು. ಮದುವೆ, ಸೀಮಂತ, ತೊಟ್ಟಿಲು ಎಂದರೆ ಹೊಸ್ತಿಲಲ್ಲಿ ಅಡ್ಡಗಟ್ಟಿ ಒಡಪು ಹೇಳಿಸುತ್ತಾರೆ. ಎರಡು ಮೂರು ಸಾಲಿನ ಪದ್ಯದೊಳಗೆ ಗಂಡನ ಹೆಸರು ಸೇರಿಸಿ ಹಾಡಿದರೆ ದೋಷವಿಲ್ಲ, ಒಳಗೆ ಬಿಡುತ್ತಾರೆ. ನಾನು ಹೊಸ ಸೊಸೆಯಾಗಿ ಬಂದಾಗ ಒಡಪು ಹೇಳಲು ಬಾಯಿ ಬಾರದೆ ಹೊಸ್ತಿಲ ಹೊರಗೆ ನಿಂತೇ ಇದ್ದೆ. ಕೊನೆಗೆ ನಮ್ಮ ಅತ್ತೆಯವರೇ, ‘ಬಿಡ್ರೇ ಸಾಕು, ಒಲಿ ಮ್ಯಾಲಿನ ಹಾಲು ಉಕ್ಕಾಕತ್ತೈತಿ, ಇದು ಹೇಳಂಗಿಲ್ಲ, ನಾವು ಕೇಳೂದು ಬಿಡಂಗಿಲ್ಲ’ ಎಂದು ಕೈ ಹಿಡಿದು ಒಳಗೆ ಎಳೆದುಕೊಂಡರು. ಆಮೇಲೆ ಯಾರೂ ನನ್ನಿಂದ ಒಡಪು ಬಯಸಲಿಲ್ಲ.

ಇನ್ನು ಜೀಪು. ತಂಬ್ರಹಳ್ಳಿಯಲ್ಲಿ ನಮ್ಮ ಹೊಲ ಇರುವುದು ಹಳ್ಳದ ಆಚೆ. ಎರೆ ಮಣ್ಣು. ಮಳೆ ಬಂದರೆ ಕಾಲಿಟ್ಟವರ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮನೆಗೆ ಬರುತ್ತದೆ. ಅದಕ್ಕೆಂದೇ ನಿಮ್ಮ ಅಜ್ಜ ಯಾರೋ ಗುತ್ತಿಗೆದಾರರ ಹಳೆಯ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದರು. ‘ಇದು ಸಾದಾ ಗಾಡಿ ಅಲ್ಲ, ನಾಕೂ ಗಾಲಿ ಎಳೀತಾವ. ಇನ್ನ ಮ್ಯಾಲ ಹುಗೀತು ಅನ್ನೋ ಮಾತ ಇಲ್ಲ’ ಎಂದು ಬಾನೆಟ್ಟಿನ ಮೇಲೆ ಕೈ ಬಡಿದರು. ಬಾನೆಟ್ಟು ತೆರೆದುಕೊಂಡಿತು. ಅದು ಅಪಶಕುನ ಎಂದು ನನಗೆ ಆಗಲೇ ಅನ್ನಿಸಿತ್ತು, ಆದರೆ ಹೇಳಲಿಲ್ಲ. ಎರಡೇ ಗಾಲಿ ಎಳೆಯುವ ಗಾಡಿಯಾಗಿದ್ದರೆ ದಾರಿ ಪಕ್ಕದಲ್ಲೇ ಹುಗಿದುಕೊಂಡು ಹತ್ತು ಜನರ ಕಣ್ಣಿಗೆ ಬೀಳುತ್ತದೆ. ನಾಲ್ಕು ಗಾಲಿಯ ನಂಬಿಕೆಯ ಮೇಲೆ ಹೋದವರು ಎತ್ತು ಕೂಡ ಬರಲು ಒಪ್ಪದ ಜಾಗದಲ್ಲಿ ಹುಗಿದುಕೊಳ್ಳುತ್ತಾರೆ. ಆರು ವರ್ಷ ಹೀಗೆ ಹುಗಿದುಕೊಂಡೆವು. ಆರು ವರ್ಷ ನಿಮ್ಮ ಅಜ್ಜ ಆ ಚಿಕ್ಕ ಗೇರಿನ ಕಡ್ಡಿಯನ್ನು ಎಳೆದು ‘ಈಗ ನೋಡು’ ಎಂದರು. ನಾನು ನೋಡಿದೆ. ಹಿಂದಿನ ಎರಡು ಗಾಲಿ ಮಣ್ಣು ಎರಚುತ್ತಿದ್ದವು, ಮುಂದಿನ ಎರಡು ದೇವರ ಮುಂದೆ ಕೂತ ಹಾಗೆ ಕೂತಿರುತ್ತಿದ್ದವು.

ಕಾರಣ ಕಂಡುಹಿಡಿದವರು ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್ ಖಾಸಿಂ ಸಾಬರು. ಮುಂದಿನ ಎರಡೂ ಗಾಲಿಗಳ ನಟ್ಟನಡುವೆ ಗುಂಡನೆಯ ತಿರುಗಣೆಗಳಿದ್ದವು, ಗಾಲಿಗೊಂದು. ಕೆಳಗಿಳಿದು ಅವನ್ನು ಕೈಯಿಂದ ತಿರುಗಿಸಿದರೆ ಮಾತ್ರ ಮುಂದಿನ ಗಾಲಿಗಳು ಎಳೆಯುತ್ತವಂತೆ. ನಾವು ಅವನ್ನು ಅಲಂಕಾರ ಎಂದುಕೊಂಡಿದ್ದೆವು. ಅಷ್ಟು ಚೆಂದದ ಗುಂಡು ಜಾಗ ಎಂದು ನಾನೇ ಪ್ರತಿ ಆಯುಧಪೂಜೆಗೆ ವಿಭೂತಿ ಬಳಿದು, ಕುಂಕುಮ ಕಲಸಿ ಇಟ್ಟು, ಮೇಲೆ ಗಂಧ ಹಚ್ಚುತ್ತಿದ್ದೆ. ಆರು ಹಬ್ಬದ ಪೂಜೆ ಗಾರೆಯ ಹಾಗೆ ಗಟ್ಟಿಯಾಗಿ ಕೂತು ತಿರುಗಣೆ ಅಲುಗದಂತಾಗಿತ್ತು. ಖಾಸಿಂ ಸಾಬರು ಉಳಿ ಸುತ್ತಿಗೆ ತರಿಸಿ ಕೆತ್ತಿದರು. ‘ಮಲ್ಲಪ್ಪಣ್ಣ, ಗಾಡಿ ತಪ್ಪೇನೂ ಇಲ್ಲ. ನಿಮ್ಮ ಮನಿಯವರ ಭಕ್ತಿ ಜಾಸ್ತಿ ಆಗೈತಿ’ ಎಂದರು. (ಬೇರೆಯವರ ಬಾಯಲ್ಲಿ ಬಂದ ಹೆಸರನ್ನು ಬರೆಯಲು ನನಗೆ ಅಡ್ಡಿಯಿಲ್ಲ.) ನಿಮ್ಮ ಅಜ್ಜ ನನ್ನ ಕಡೆ ನೋಡಿದರು. ನಾನು ಸೆರಗು ಎಳೆದುಕೊಂಡು ಗ್ಯಾರೇಜಿನ ಟಯರ್ ರಾಶಿಯ ಹಿಂದೆ ಸರಿದೆ.

ತಿರುಗಣೆ ಸರಿಹೋದ ಮೇಲೆ ಉಳಿದದ್ದೆಲ್ಲ ಕೆಡಲು ಶುರುವಾಯಿತು. ಸುತ್ತಲಿನ ತಾಲ್ಲೂಕುಗಳನ್ನು ಜನ ಗುಡಿಯಿಂದ, ಸಂತೆಯಿಂದ, ನೆಂಟರಿಂದ ಗುರುತಿಡುತ್ತಾರೆ. ನಾನು ಕೂಡ್ಲಿಗಿ ಎಂದರೆ ಕ್ಲಚ್ಚು, ಕೊಟ್ಟೂರು ಎಂದರೆ ರೇಡಿಯೇಟರ್, ಹಡಗಲಿ ಎಂದರೆ ಬ್ರೇಕು, ಹರಪನಹಳ್ಳಿ ಎಂದರೆ ಇವೆಲ್ಲವೂ ಎಂದು ಗುರುತಿಟ್ಟುಕೊಂಡಿದ್ದೇನೆ. ಹೊಸಹಳ್ಳಿಯ ಹತ್ತಿರ ಆ್ಯಕ್ಸೆಲ್ ಮುರಿದಾಗ ನೀರು ಕೊಟ್ಟು, ರೊಟ್ಟಿ ಕೊಟ್ಟು, ರಾತ್ರಿ ಮಲಗಲು ಜಾಗ ಕೊಟ್ಟ ಮನೆಯವರು ಬೆಳಿಗ್ಗೆ ತಮ್ಮ ಮಗನಿಗೆ ನಮ್ಮ ಮಗಳನ್ನೂ ಕೇಳಿದರು. ನಿಮ್ಮಲ್ಲಿ ಇಬ್ಬರು ಹುಟ್ಟಿದ್ದು ಆ ಆ್ಯಕ್ಸೆಲ್ಲಿನ ದಯೆಯಿಂದ. ಜೀಪಿಗೆ ಬಯ್ಯುವಾಗ ಅಷ್ಟು ನೆನಪಿರಲಿ.

ನಾನು ಬಯ್ಯದೆ ಇರುವುದಕ್ಕೆ ಬೇರೆ ಕಾರಣ ಇದೆ. ಆಗ ನಮ್ಮ ಮನೆಯಲ್ಲಿ ಹದಿನಾಲ್ಕು ಮಂದಿ. ಗಂಡ ಹೆಂಡತಿ ಹಿರಿಯರ ಮುಂದೆ ಮಾತಾಡುವ ಹಾಗಿರಲಿಲ್ಲ. ‘ಉಪ್ಪು ಕಡಿಮಿ ಆಗೈತಿ’ ಎಂಬುದನ್ನು ಕೂಡ ಅವರು ಅತ್ತೆಗೆ ಹೇಳಿ, ಅತ್ತೆ ನನಗೆ ಹೇಳಬೇಕು. ನಾವಿಬ್ಬರೇ ಮಾತಾಡಿದ್ದು ಎಂದರೆ ಜೀಪು ಕೆಟ್ಟು ನಿಂತಾಗ. ಖಾಸಿಂ ಸಾಬರು ಬರುವವರೆಗೆ ಹುಣಸೆ ಮರದ ಕೆಳಗೆ, ಸೇತುವೆಯ ಕಟ್ಟೆಯ ಮೇಲೆ, ಎರಡು ತಾಸು, ಮೂರು ತಾಸು. ಮಗಳನ್ನು ಓದಿಸಬೇಕೋ ಬೇಡವೋ ಎಂದು ತೀರ್ಮಾನಿಸಿದ್ದು ಕ್ಲಚ್ಚು ಸುಟ್ಟ ದಿನ. ಅವರಿಗೆ ಬದನೆಕಾಯಿ ಸೇರುವುದಿಲ್ಲ ಎಂದು ಗೊತ್ತಾದದ್ದು, ಹದಿನೆಂಟು ವರ್ಷ ಬದನೆಕಾಯಿ ಉಣ್ಣಿಸಿದ ಮೇಲೆ, ರೇಡಿಯೇಟರ್ ಸೋರಿದ ದಿನ. ಅಂಥ ಒಂದು ಮಧ್ಯಾಹ್ನ ಅವರು ಕೇಳಿದರು, ‘ಇಲ್ಲಿ ಯಾರೂ ಇಲ್ಲ. ಒಂದ ಸಲ ನನ್ನ ಹೆಸರು ಹಿಡದು ಕರಿ ನೋಡೂಣು.’ ನಾನು ಸುತ್ತಲೂ ನೋಡಿದೆ. ‘ಕಾಗಿ ಕುಂತೈತಿ’ ಎಂದೆ. ಅವರು ಕಲ್ಲು ಎಸೆದು ಕಾಗೆ ಓಡಿಸಿದರು. ಅಷ್ಟರಲ್ಲಿ ಖಾಸಿಂ ಸಾಬರ ಬೈಕು ಬಂತು. ಆಮೇಲೆ ಅವರು ಜೀಪು ಕೆಟ್ಟಾಗಲೆಲ್ಲ ಕೇಳುತ್ತಿದ್ದರು, ನನಗೆ ಯಾವುದಾದರೂ ಒಂದು ಕಾಗೆ ಸಿಗುತ್ತಿತ್ತು.

ಅವರು ತೀರಿಹೋಗಿ ಎರಡು ವರ್ಷವಾದ ಮೇಲೆ ನನ್ನ ಮಗ ಕೊಟ್ರೇಶ, ನಿಮ್ಮಲ್ಲಿ ಇಬ್ಬರಿಗೆ ಅಪ್ಪ, ಇಬ್ಬರಿಗೆ ಸೋದರಮಾವ, ಜೀಪನ್ನು ಗುಜರಿಗೆ ಹಾಕುತ್ತೇನೆಂದು ಹೊರಟ. ಅವನಿಗೆ ಈಗ ಸಣ್ಣ ಕಾರಿದೆ. ನಾನು ಎರಡು ದಿನ ಊಟ ಕಡಿಮೆ ಮಾಡಿದೆ. ಮಾತು ಬಾರದವರಿಗೆ ಇರುವ ದಾರಿ ಅದೊಂದೇ. ಮೂರನೆಯ ದಿನ ಅವನು ಒಂದು ಕಾಗದ ತಂದು ತೋರಿಸಿದ. ‘ನೋಡವ್ವ, ಇದು ಬ್ರೇಕ್‌ಡೌನ್ ಕವರ್. ಗಾಡಿ ಎಲ್ಲಿ ಕೆಟ್ಟರೂ ಫೋನ್ ಮಾಡಿದ್ರ ಕಂಪನಿಯವರು ಲಾರಿ ತಂದು ಎತ್ಕೊಂಡು ಹೋಗ್ತಾರ. ವರ್ಷಕ್ಕ ನಾಕು ಸಲ. ನಾಕೂ ಮುಗೀತಂದ್ರ ಜೀಪು ಗುಜರಿಗೆ. ಒಪ್ಪಿಗೇನು?’ ನಾನು ತಲೆ ಆಡಿಸಿದೆ. ಜೀಪಿನ ಆರ್‌ಸಿ ಪುಸ್ತಕ ಇನ್ನೂ ನಿಮ್ಮ ಅಜ್ಜನ ಹೆಸರಿನಲ್ಲೇ ಇತ್ತು, ಅವರ ಫೋನ್ ನಂಬರು ನನ್ನ ಬಳಿ ಇತ್ತು. ಕವರಿಗೂ ಅದೇ ಹೆಸರು, ಅದೇ ನಂಬರು ಬಿತ್ತು. ನಾಲ್ಕು ಕರೆ ಎಂದರೆ ಬಹಳವಾಯಿತು ಎಂದುಕೊಂಡೆ.

ಮೊದಲ ಕರೆ ಕೂಡ್ಲಿಗಿಯ ಈಚೆ. ಕೊಟ್ರೇಶನೇ ಜೊತೆಗಿದ್ದ, ಅವನೇ ಮಾತಾಡಿದ. ಎತ್ತಿಕೊಂಡು ಹೋಗುವ ಲಾರಿ ಬಂತು, ದಾರಿಯಲ್ಲಿ ಅದೇ ಕೆಟ್ಟಿತು. ಲಾರಿಗೆ ಕವರ್ ಇರಲಿಲ್ಲ, ಖಾಸಿಂ ಸಾಬರೇ ಬಂದು ಎರಡನ್ನೂ ಸರಿಮಾಡಿದರು. ಎರಡನೆಯದು ಹಳ್ಳದ ಆಚೆ, ಹೊಲದಲ್ಲಿ. ‘ನಮ್ಮದು ರಸ್ತೆ ಬದಿಯ ಸೇವೆ ಸರ್. ವಾಹನವನ್ನು ರಸ್ತೆಗೆ ತನ್ನಿ, ನಾವು ಎತ್ತಿಕೊಳ್ತೀವಿ’ ಎಂದರಂತೆ. ರಸ್ತೆ ಇಲ್ಲದಲ್ಲಿ ಹೋಗಲೆಂದೇ ಇರುವ ಗಾಡಿಗೆ ರಸ್ತೆಯಲ್ಲಿ ಮಾತ್ರ ಕೆಡಬೇಕು ಎಂಬ ಷರತ್ತು! ಟ್ರ್ಯಾಕ್ಟರಿನಿಂದ ರಸ್ತೆಗೆ ಎಳೆದು ತಂದೆವು. ರಸ್ತೆ ಕಂಡ ಕೂಡಲೇ ಜೀಪು ಶುರುವಾಯಿತು. ಕರೆ ಮಾತ್ರ ಎಣಿಕೆಯಾಯಿತು. ಮೂರನೆಯದು ಹಡಗಲಿಯ ದಾರಿಯಲ್ಲಿ. ಬಂದವನು ಕೀಲಿ ತಿರುಗಿಸಿದ, ಜೀಪು ‘ಗುರ್’ ಎಂದಿತು. ಅಳುವ ಕೂಸು ಡಾಕ್ಟರ ಮುಂದೆ ನಗುವ ಹಾಗೆ. ‘ಏನೂ ಆಗಿಲ್ಲಲ್ರಿ’ ಎಂದು ಸಹಿ ಹಾಕಿಸಿಕೊಂಡು ಹೋದ. ಹೀಗೆ ಮೂರು ಕರೆ ಹೋದವು. ಉಳಿದ ಒಂದನ್ನು ನಾನು ಉಪ್ಪಿನಕಾಯಿಯ ಜಾಡಿಯಂತೆ ಕಾಯ್ದುಕೊಂಡು ಬಂದೆ. ಜೀಪು ಎಲ್ಲಿಗಾದರೂ ಹೊರಟರೆ ನನಗೆ ಜ್ವರ ಬರುತ್ತಿತ್ತು.

ಆದರೂ ಅದು ಹೊರಡಲೇಬೇಕಾಯಿತು. ಹರಪನಹಳ್ಳಿಯಲ್ಲಿ ನನ್ನ ತಂಗಿ ಕೊಟ್ರಮ್ಮನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ. ನಮ್ಮ ಮನೆಯ ಮರದ ತೊಟ್ಟಿಲಲ್ಲೇ ಎರಡೂ ಮನೆಯ ಕೂಸುಗಳನ್ನು ಮೊದಲು ಮಲಗಿಸುವುದು. ತೊಟ್ಟಿಲು ಕಾರಿನಲ್ಲಿ ಹಿಡಿಸುವುದಿಲ್ಲ. ಕೊಟ್ರೇಶನಿಗೆ ಅಂಗಡಿ. ಸೊಸೆ ಶೋಭಾ ಜೀಪು ಹೊಡೆಯುತ್ತಾಳೆ, ನಿಮ್ಮ ಅಜ್ಜನೇ ಕಲಿಸಿದ್ದು. ಇಬ್ಬರೂ ಬೆಳಿಗ್ಗೆಯೇ ಹೊರಟೆವು. ದಾರಿಯುದ್ದಕ್ಕೂ ಶೋಭಾ ತನ್ನ ಒಡಪು ಬಾಯಿಪಾಠ ಮಾಡುತ್ತಿದ್ದಳು. ಪ್ರತಿ ಸಲ ಕೊಟ್ರೇಶನ ಹೆಸರು ಬಂದಾಗ ಹಾರ್ನ್ ಒತ್ತುತ್ತಿದ್ದಳು. ಕೊಟ್ಟೂರು ದಾಟಿತು. ಇನ್ನೇನು ತಲುಪಿದೆವು ಎಂದುಕೊಂಡೆ. ಹಾಗೆ ಎಂದುಕೊಳ್ಳಬಾರದಿತ್ತು. ಮೆಕ್ಕೆಜೋಳದ ಹೊಲಗಳ ನಡುವೆ ಬಾನೆಟ್ಟಿನ ಸಂದಿನಿಂದ ಹಬೆ ಎದ್ದಿತು. ಜೀಪು ಒಮ್ಮೆ ಸೀನಿ ನಿಂತಿತು.

ಖಾಸಿಂ ಸಾಬರಿಗೆ ಫೋನ್ ಮಾಡಿದರೆ ಅವರು ಸಾಮಾನು ತರಲು ಹೊಸಪೇಟೆಗೆ ಹೋಗಿದ್ದಾರೆ. ‘ಸಂಜಿ ಆಕ್ಕೈತಿ ತಂಗಿ. ಹಬಿ ಬಂದ್ರ ಮುಟ್ಟಬ್ಯಾಡ್ರಿ, ಆರಲಿ’ ಎಂದರು. ಅತ್ತ ಕೊಟ್ರಮ್ಮನ ಫೋನು. ‘ಅಕ್ಕಾ, ಎಲ್ಲಿದೀಯವ್ವ? ಮಂದೆಲ್ಲ ಬಂದು ಕುಂತಾರ, ಕೂಸು ಮೊರದಾಗ ಮಲಗೈತಿ. ತೊಟ್ಲಾ ಬರತೈತೋ, ಕೂಸು ನಡಿಯೋದು ಕಲ್ತ ಮ್ಯಾಲ ಬರತೈತೋ?’

‘ಅತ್ತಿ, ಕಂಪನಿಗೆ ಫೋನ್ ಮಾಡದ ಬ್ಯಾರೆ ದಾರಿ ಇಲ್ಲ’ ಎಂದಳು ಶೋಭಾ.

‘ಅದು ನಾಕನೇದು’ ಎಂದೆ.

ಅವಳಿಗೂ ಗೊತ್ತಿತ್ತು. ನನ್ನ ಕೈಯಿಂದ ಫೋನು ತೆಗೆದುಕೊಂಡು ಕಂಪನಿಗೆ ತಿಳಿಸಿದಳು. ಮತ್ತೆ ನನ್ನ ಕೈಗೇ ಕೊಟ್ಟು, ಕ್ಯಾನು ಹಿಡಿದುಕೊಂಡು ದೂರದಲ್ಲಿ ಕಾಣುತ್ತಿದ್ದ ಪಂಪ್‌ಸೆಟ್ಟಿನ ಕಡೆ ನೀರಿಗೆ ಹೋದಳು. ಅವಳು ಎರಡು ಹೊಲ ದಾಟಿರಬೇಕು, ಫೋನು ಕೂಗಿತು. ಮೊದಲು ಒಂದು ಯಂತ್ರ ಮಾತಾಡಿತು: ಈ ಕರೆಯನ್ನು ತರಬೇತಿಗಾಗಿ ಧ್ವನಿಮುದ್ರಣ ಮಾಡಿಕೊಳ್ಳಲಾಗುವುದು. ಆಮೇಲೆ ಒಬ್ಬಳು ಹುಡುಗಿ.

‘ನಮಸ್ಕಾರ ಮೇಡಂ, ನಿಮ್ಮ ರಿಕ್ವೆಸ್ಟ್ ಬಂದಿದೆ. ಹತ್ತಿರದಲ್ಲಿ ಏನಾದರೂ ಗುರುತು ಹೇಳ್ತೀರಾ?’

‘ಎಮ್ಮಿ ಕಟ್ಯಾರ’ ಎಂದೆ.

‘ಎಮ್ಮೆ ಅಲ್ಲ ಮೇಡಂ. ಅಂಗಡಿ, ಬೋರ್ಡು?’

‘ಕಿಲೋಮೀಟ್ರಿನ ಕಲ್ಲು ಐತವ್ವ, ಕೊಟ್ಟೂರು ಒಂಬತ್ತು ಅಂತ ಬರದಾರ.’ ಇಷ್ಟು ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

‘ಥ್ಯಾಂಕ್ಯೂ ಮೇಡಂ. ಕನ್ಫರ್ಮ್ ಮಾಡೋಕೆ ಗಾಡಿ ಓನರ್ ಹೆಸರು ಹೇಳಿ.’

ನಾನು ಸುತ್ತಲೂ ನೋಡಿದೆ. ‘ನಮ್ಮ ಮನಿಯವರು’ ಎಂದೆ.

‘ಹೌದು ಮೇಡಂ, ಹೆಸರು?’

‘ನಿಮ್ಮ ಹತ್ರ ಬರದಿಲ್ಲೇನವ್ವ?’

‘ಇದೆ ಮೇಡಂ. ಅದು ನೀವು ಹೇಳಬೇಕು.’

‘ಕೊಟ್ರೇಶನ ಅಪ್ಪಾರು.’

‘ಮೇಡಂ, ಹೆಸರು.’

‘ಸೊಸಿ ನೀರಿಗೆ ಹೋಗ್ಯಾಳ, ಆಕಿ ಬರೋತನ ತಡಿ ತಾಯಿ.’

‘ಆಗಲ್ಲ ಮೇಡಂ, ಇನ್ನೊಂದು ನಿಮಿಷದಲ್ಲಿ ಹೇಳದಿದ್ರೆ ರಿಕ್ವೆಸ್ಟ್ ತಾನಾಗೇ ಕ್ಯಾನ್ಸಲ್ ಆಗಿಬಿಡುತ್ತೆ.’

ಮಕ್ಕಳೇ, ಆ ಒಂದು ನಿಮಿಷದಲ್ಲಿ ನನಗೆ ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಸುಮ್ಮನಿದ್ದರೆ ಸಾಕು. ಜೀವಮಾನವೆಲ್ಲ ಸುಮ್ಮನಿದ್ದವಳಿಗೆ ಇನ್ನೊಂದು ನಿಮಿಷ ಏನು ಕಷ್ಟ? ಕರೆ ರದ್ದಾಗುತ್ತದೆ, ನಾಲ್ಕನೆಯದು ಉಳಿಯುತ್ತದೆ, ಜೀಪು ಉಳಿಯುತ್ತದೆ. ಆದರೆ ಹಿಂದೆ ತೊಟ್ಟಿಲಿತ್ತು. ಅದರ ಹಗ್ಗಕ್ಕೆ ನಾನೇ ಬೆಳಿಗ್ಗೆ ಹೊಸ ದಾರ ಸುತ್ತಿದ್ದೆ. ಕೂಸು ಮೊರದಲ್ಲಿ ಮಲಗಿತ್ತು. ಹೆಸರು ಹೇಳಬೇಕು, ಬರಿಯ ಹೆಸರು ಬಾಯಿಗೆ ಬಾರದು. ಶೋಭಾ ದಾರಿಯುದ್ದಕ್ಕೂ ಕೂಗಿದ ಒಡಪು ಕಿವಿಯಲ್ಲಿ ಇನ್ನೂ ಇತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಜೀಪಿನ ಕಡೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟೆ:

‘ಬಟ್ಟಲ ತುಂಬ ಬೆಲ್ಲದ ಹಾಲು, ಬುಟ್ಟಿ ತುಂಬ ಜ್ವಾಳ,
ನಡುದಾರ್ಯಾಗ ನಿಂತ ಜೀಪಿಗೆ ನಾ ಒಬ್ಬಾಕಿ ಕಾವಲ...’

ಮೂರನೆಯ ಸಾಲಿನಲ್ಲಿ ಅವರ ಹೆಸರಿತ್ತು, ಅದನ್ನು ಇಲ್ಲಿ ಬರೆಯಲಾರೆ. ‘ರಾಯರ ಹೆಸರು ಹೇಳೀನವ್ವ, ಲಾರಿ ಕಳಿಸು ಹೇಳಿದ ಮ್ಯಾಲ’ ಎಂದು ಮುಗಿಸಿದೆ. ಬೆವರು ಬಂದಿತ್ತು.

‘ಮೇಡಂ, ಬರೀ ಹೆಸರು ಹೇಳಿದ್ರೂ ನಡೀತಿತ್ತು’ ಎಂದಳು ಹುಡುಗಿ. ‘ಕನ್ಫರ್ಮ್ ಆಯ್ತು. ಈ ವರ್ಷದ ನಾಲ್ಕೂ ಸೇವೆ ಮುಗಿದವು ಮೇಡಂ.’

ಕಣ್ಣು ತೆರೆದು ನೋಡಿದರೆ ಶೋಭಾ ನೀರಿನ ಕ್ಯಾನು ಹಿಡಿದು ಬದುವಿನ ಮೇಲೆ ನಿಂತಿದ್ದಾಳೆ. ‘ಅತ್ತೀ!’ ಎಂದಳು ಅಷ್ಟೇ. ಕ್ಯಾನಿನ ನೀರು ಅರ್ಧ ಅವಳ ಕಾಲ ಮೇಲೆ ಚೆಲ್ಲಿತ್ತು.

ಲಾರಿ ಬಂತು. ಜೀಪು ಲಾರಿಯ ಮೇಲೆ, ತೊಟ್ಟಿಲು ಜೀಪಿನೊಳಗೆ, ನಾವು ಡ್ರೈವರ ಪಕ್ಕ. ಕೊಟ್ರಮ್ಮನ ಮನೆಯ ಮುಂದೆ ಇಳಿದಾಗ ಮಂದಿಯೆಲ್ಲ ಹೊರಗೆ ಬಂದು ನಿಂತರು. ‘ಅಕ್ಕ ತೊಟ್ಲಾ ತರ್ತೀನಿ ಅಂದಿದ್ಲು, ಮೆರವಣಿಗಿ ತಂದಾಳ’ ಎಂದಳು ನನ್ನ ತಂಗಿ. ಶೋಭಾಳನ್ನು ಹೊಸ್ತಿಲಲ್ಲಿ ತಡೆದು ಒಡಪು ಹೇಳಿಸಿದರು. ಚೆನ್ನಾಗಿಯೇ ಹೇಳಿದಳು, ಹಾರ್ನ್ ಒಂದು ಇರಲಿಲ್ಲ. ನನಗೆ ದಾರಿ ಬಿಟ್ಟರು. ಗಂಡ ಇಲ್ಲದವಳನ್ನು ಯಾರು ಒಡಪು ಕೇಳುತ್ತಾರೆ? ಮದುವೆಯ ದಿನ ಎಲ್ಲರೂ ಕಾದರೂ ಬಾರದ ಬಾಯಿ, ಇವತ್ತು ಬಂದಿತ್ತು, ಕೇಳುವವರು ಇರಲಿಲ್ಲ. ನಾನು ಸುಮ್ಮನೆ ಒಳಗೆ ಹೋಗಿ ಕೂಸನ್ನು ನೋಡಿದೆ. ಕೂಸು ಮೊರದಲ್ಲೇ ಸುಖವಾಗಿ ನಿದ್ದೆ ಮಾಡುತ್ತಿತ್ತು, ತೊಟ್ಟಿಲಿಗೆ ಹಾಕಿದ ಕೂಡಲೇ ಎದ್ದು ಅತ್ತಿತು.

ಕೊಟ್ರೇಶ ಮಾತಿಗೆ ತಪ್ಪುವವನಲ್ಲ, ಅಪ್ಪನ ಹಾಗೆ. ಜೀಪನ್ನು ಊರಿಗೆ ಎಳೆಸಿ ತಂದು, ಮುಂದಿನ ವಾರವೇ ಗುಜರಿಯವರನ್ನು ಕರೆಸಿದ. ಬಂದವರು ಜೀಪಿನ ಸುತ್ತ ಒಂದು ಸುತ್ತು ಬಂದು, ಗಾಲಿಗೆ ಕಾಲಿನಿಂದ ಒದ್ದು, ‘ಪುಸ್ತಕ ಯಜಮಾನರ ಹೆಸರಿಗೆ ಐತಿ. ಮುಂದ ಯಾರೂ ತಕರಾರು ತಗೀಬಾರದು, ಅದಕ್ಕ ಒಂದು ವಿಡಿಯೋ ಮಾಡ್ಕೊಳ್ತೀವಿ’ ಎಂದು ಫೋನನ್ನು ನನ್ನ ಮುಖಕ್ಕೆ ಹಿಡಿದರು. ‘ಏನಿಲ್ಲ ಅಮ್ಮಾರ. ನಾನು ಇಂಥವರ ಹೆಂಡ್ತಿ, ಗಾಡಿ ಕೊಡಾಕ ನನ್ನ ಒಪ್ಪಿಗಿ ಐತಿ, ಅಂದ್ರ ಸಾಕು. ಹೆಸರು ಮಾತ್ರ ಸ್ಪಷ್ಟ ಹೇಳ್ರಿ.’

ನಾನು ಸೆರಗು ಎಳೆದುಕೊಂಡೆ. ತಲೆ ತಗ್ಗಿಸಿದೆ. ಬಾಗಿಲ ಹಿಂದೆ ಸರಿದು ನಿಂತೆ.

‘ಹೇಳವ್ವ’ ಎಂದ ಕೊಟ್ರೇಶ.

‘ಗಂಡನ ಹೆಸರು ಹೆಂಗ ಹೇಳ್ಲೋ’ ಎಂದೆ ಬಾಗಿಲ ಹಿಂದಿನಿಂದ.

ಗುಜರಿಯವರು ವಯಸ್ಸಾದವರು, ಮರ್ಯಾದಸ್ತರು. ‘ಹೌದು ಬಿಡ್ರಿ, ಹಳೇ ಕಾಲದವರು’ ಎಂದು ಫೋನು ಕಿಸೆಗೆ ಹಾಕಿಕೊಂಡರು. ‘ಅಮ್ಮಾರಿಗೆ ಬಾಯಿ ಬಂದ ದಿನ ಹೇಳಿ ಕಳಿಸ್ರಿ’ ಎಂದು ಹೋದರು. ಶೋಭಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೆ ಗೊತ್ತು. ಅವಳು ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. ‘ರೊಟ್ಟಿ ಸೀದು ಹೊಂಟಾವ’ ಎಂದು ಒಳಗೆ ಹೋದಳು. ಒಲೆ ಆಗ ಹಚ್ಚೇ ಇರಲಿಲ್ಲ. ನಿಮಗೆ ಎಂಥ ತಾಯಿ, ಎಂಥ ಅತ್ತೆ ಸಿಕ್ಕಿದ್ದಾಳೆ ಎಂದು ತಿಳಿಯಿರಿ.

ಹೀಗಾಗಿ ಜೀಪು ಹಿತ್ತಲಲ್ಲಿದೆ. ಇಂಜಿನ್ನು ಈಗ ಖಾಸಿಂ ಸಾಬರ ಮಾತನ್ನೂ ಕೇಳುವುದಿಲ್ಲ, ‘ಹುಲಿ ಐತಿ ಅಕ್ಕಾರ, ಆದ್ರ ಹುಲಿಗೂ ಮುಪ್ಪು ಬರ್ತೈತಿ’ ಎಂದು ಟೀ ಕುಡಿದು ಹೋಗುತ್ತಾರೆ. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತವೆ. ನನ್ನನ್ನು ಕಾಡುವುದು ಬೇರೆಯೇ ಒಂದು. ಆ ಯಂತ್ರ ಹೇಳಿದ್ದು ನಿಜವಾದರೆ, ನಾನು ಜೀವನದಲ್ಲಿ ಒಂದೇ ಸಲ ಹೇಳಿದ ಹೆಸರು ಯಾವುದೋ ಊರಿನ ಯಾವುದೋ ಪೆಟ್ಟಿಗೆಯಲ್ಲಿ ಕೂತಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರೆಲ್ಲ ಅದನ್ನು ಕೇಳಿ ತರಬೇತಿ ಪಡೆಯುತ್ತಿರಬಹುದು. ಕೇಳಬೇಕೆಂದು ಇಪ್ಪತ್ತು ವರ್ಷ ಕಾಗೆ ಓಡಿಸಿದವರು ಮಾತ್ರ ಕೇಳಲಿಲ್ಲ.

ಮಧ್ಯಾಹ್ನ ನೀವು ಶಾಲೆಯಲ್ಲಿರುವಾಗ ನಾನು ಜೀಪಿನ ಎಡಗಡೆಯ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತಿರುತ್ತೇನೆ. ಕೆಟ್ಟು ನಿಂತ ಗಾಡಿ, ಮನೆಯಲ್ಲಿ ಯಾರೂ ಇಲ್ಲ, ಪಕ್ಕದ ಸೀಟು ಖಾಲಿ. ಇವತ್ತಾದರೂ ಹೆಸರು ಹಿಡಿದು ಕರೆಯಬೇಕು ಎಂದು ದಿನವೂ ಗಟ್ಟಿ ಮನಸ್ಸು ಮಾಡಿಕೊಂಡೇ ಹತ್ತುತ್ತೇನೆ. ಬಾಯಿ ತೆರೆಯುವ ಹೊತ್ತಿಗೆ ಹಿಂದೆ ತಿರುಗಿ ನೋಡಿದರೆ, ಕೋಳಿಗಳು ಕೂತಿರುತ್ತವೆ.